ಎರಡು ಮನೆಗೆ ಒಂದೇ ಗೋಡೆ

ಶ್ರೀರಂಗಪಟ್ಟಣದ ಕೋಟೆಯೊಳಗೆ ನಾವು ಕೊಂಡ ಮನೆಯನ್ನು ನೋಡಲು ಹೊಣಕೆರೆಯಿಂದ ಬಂದ ಮಾವನವರು ಗೋಡೆಯನ್ನೊಮ್ಮೆ ತಟ್ಟಿ, "ಇಂಥ ಮಣ್ಗ್ವಾಡೆ ಮನೆ ನಮ್ಮೂರಲ್ಲೇ ಇತ್ತಲ್ಲವ್ವ, ಇಲ್ಗಂಟ ಬರ್ಬೇಕಿತ್ತಾ?" ಎಂದರು. ನಾನು ನಕ್ಕೆ. ನನಗೆ ಪಾಂಡವಪುರದ ಹೈಸ್ಕೂಲಿನಲ್ಲಿ ಪಾಠ, ಗಂಡನಿಗೆ ಮೈಸೂರಿನಲ್ಲಿ ಕೆಲಸ. ಇಬ್ಬರಿಗೂ ಹತ್ತಿರವಾಗುವ ಊರು ಇದು. ನಾಡಹೆಂಚಿನ ಮನೆ, ಮುಂದೆ ಜಗಲಿ, ಬೀದಿ ತಿರುಗಿದರೆ ಕಾವೇರಿ. ಅಷ್ಟಕ್ಕೇ ನಾನು ಮರುಳಾಗಿದ್ದೆ.

ಮಾರಿದವರು ಅಡುಗೆಮನೆಯಲ್ಲಿ ಒಂದು ಹಳೆಯ ಬೀರು ಬಿಟ್ಟುಹೋಗಿದ್ದರು. ಬಂದ ವಾರದಲ್ಲಿ ಅದನ್ನು ಸರಿಸಿದಾಗ ಹಿಂದೆ ನೆಲದಿಂದ ತೊಲೆಯವರೆಗೂ ಬಿರುಕು. ಸಿಂಧಘಟ್ಟದಿಂದ ಬಂದ ಗಾರೆ ಕೆಲಸದವನು ಅದರೊಳಗೆ ಬೆರಳಿಟ್ಟ. ಎರಡು ಗೆಣ್ಣು ಒಳಗೆ ಹೋಯಿತು.

"ಅಕ್ಕಾ, ಗ್ವಾಡೆ ಒಟ್ಟೆ ಉಬ್ಬುಸ್ಕಂಡೈತೆ. ಮಳೆ ಇಡಿಯೋಕ್ ಮುಂಚೆ ಬಿಚ್ಚಿ ಕಟ್ಬುಡ್ಬೇಕು."

ಕಟ್ಟುವುದು ಸುಲಭವಿರಲಿಲ್ಲ. ಹಳೆಯ ಸ್ಮಾರಕದ ಮಗ್ಗುಲ ಮನೆ, ಅನುಮತಿಯಿಲ್ಲದೆ ಒಂದು ಕಲ್ಲನ್ನೂ ಕದಲಿಸುವಂತಿಲ್ಲ. ಅರ್ಜಿ ಹಾಕಿದೆವು. ಮೇಲಾಗಿ ಅದು ನಮ್ಮೊಬ್ಬರ ಗೋಡೆಯಲ್ಲ. ಆಚೆ ಬದಿಯಲ್ಲಿ ಒಂದು ಕಾಲಕ್ಕೆ ಜಟಕಾ ಓಡಿಸುತ್ತಿದ್ದ ಮುದುಕ ಸಾಬರು, ಅವರ ಹೆಂಡತಿ. ಆಕೆ ಸೊಂಟ ಮುರಿದು ಮಲಗಿ ವರ್ಷವಾಗಿತ್ತು. ಮಂಚದ ತಲೆಭಾಗ ಅದೇ ಗೋಡೆಗೆ ಆನಿಸಿತ್ತು.

ವಿಷಯ ಹೇಳಲು ಹೋದೆ. ಸಾಬರು ಬಾಗಿಲಲ್ಲೇ ನಿಲ್ಲಿಸಿಕೊಂಡರು.

"ಟೀಚರಮ್ಮ, ನಿಮಗೆ ಮನೆ ಮಾರಿದೋರ ಅಪ್ಪಾನೂ ಇಂಗೇ ರಿಪೇರಿ ಅಂತ ಬಂದ್ರು. ಗೋಡೆ ಎದ್ದಾಗ ನಮ್ದು ಒಂದು ಗೇಣು ಜಾಗ ಆ ಕಡೆ ಓಗಿತ್ತು. ಇನ್ನೊಂದ್ಸಲ ಮೋಸ ಓಗಾಕಿಲ್ಲ. ಕೈ ಹಾಕ್ಬ್ಯಾಡಿ."

"ಜಾಗಕ್ಕೆ ಬಂದಿಲ್ಲ ಸಾಬ್ರೇ, ಬಿರುಕು ಬಿಟ್ಟಿದೆ."

"ನಮ್ ಕಡೆ ಚೆನ್ನಾಗೈತೆ."

ಅವರ ಕಡೆ ಸುಣ್ಣ ಬಳಿದ ಗೋಡೆ ನೆಟ್ಟಗೇ ಕಾಣುತ್ತಿತ್ತು. ಉಬ್ಬಿದ್ದು ನಮ್ಮ ಕಡೆ.

ಅಷ್ಟರಲ್ಲಿ ಮಳೆ ಹಿಡಿಯಿತು. ಹಳೆಯ ಉತ್ತರಪತ್ರಿಕೆಗಳನ್ನು ಪಟ್ಟಿಗಳಾಗಿ ಕತ್ತರಿಸಿ, ಮೈದಾ ಅಂಟಿನಿಂದ ಬಿರುಕಿಗೆ ಅಡ್ಡಲಾಗಿ ನಾಲ್ಕು ಕಡೆ ಹಚ್ಚಿದೆ. ಗೋಡೆ ಕದಲಿದರೆ ಕಾಗದ ಹರಿಯಬೇಕು. ಒಲೆಯನ್ನು ಹಿತ್ತಿಲ ಬಾಗಿಲ ಪಕ್ಕಕ್ಕೆ ಸಾಗಿಸಿದೆ. ಶಾಲೆಯಲ್ಲಿ ಪಾಠ ಮಾಡುವಾಗಲೂ ಆ ಪಟ್ಟಿಗಳೇ ಕಣ್ಣ ಮುಂದೆ. "ಎಷ್ಟ್ ಸಲ ನೋಡ್ತೀಯೆ, ಸುಮ್ನಿರು" ಎಂದು ಗದರುತ್ತಿದ್ದ ನನ್ನ ಗಂಡ, ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟಿದ ಮೇಲೂ ಮತ್ತೆ ಕಳಚಿ ಒಳಗೆ ಬಂದು ನೋಡಿ ಹೋಗುತ್ತಿದ್ದರು.

ಭಾನುವಾರ ಬೆಳಿಗ್ಗೆ ಎರಡು ಪಟ್ಟಿ ಹರಿದಿದ್ದವು. ಹರಿದ ತುಂಡನ್ನು ಕಿತ್ತುಕೊಂಡು ಪಕ್ಕದ ಮನೆಗೆ ಓಡಿದೆ. ಸಾಬರು ಅದನ್ನು ತಿರುಗಿಸಿ ನೋಡಿ, "ಕಾಗ್ದ ಹರ್ಯೋಕೆ ಎಷ್ಟೊತ್ತು ಬೇಕಮ್ಮ?" ಎಂದರು.

ಆಗ ಒಳಗಿನಿಂದ ಅವರ ಹೆಂಡತಿಯ ದನಿ: "ಬೇಟಿ, ಒಳಗೆ ಬಾ."

ಹೋದೆ. ಆಕೆ ನನ್ನನ್ನಲ್ಲ, ತಮ್ಮ ಗಂಡನನ್ನು ನೋಡುತ್ತ ಹೇಳಿದರು: "ಮೂರು ದಿವ್ಸದಿಂದ ಕಿವಿ ಹತ್ರ ಮಣ್ಣು ಉದುರ್ತಾ ಐತೆ. ಇಲಿ ಅಂದ್ಕಂಡಿದ್ದೆ. ನಿನ್ನೆಯಿಂದ ಇಲಿ ಅಲ್ಲ ಅಂತ ಗೊತ್ತಾಯ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನನ್ನ ಎತ್ಬೇಕಲ್ಲ. ನೋವು ತಡ್ಯಾಕಾಗಲ್ಲ."

ಸಾಬರು ದಿಂಬಿನ ಪಕ್ಕ ಬಗ್ಗಿ ಗೋಡೆಗೆ ಕಿವಿಯಿಟ್ಟರು. ತಟ್ಟನೆ ಎದ್ದರು. "ನಿಮ್ಮೆಜಮಾನ್ರನ್ನ ಕರೀರಿ" ಎಂದರು.

ಮಂಚ ಬಾಗಿಲಲ್ಲಿ ತೂರಲಿಲ್ಲ. ಆಕೆಯನ್ನು ಜಮಖಾನದ ಮೇಲೆ ಜರುಗಿಸಿ, ನಾನು, ನನ್ನ ಗಂಡ, ಸಾಬರು, ಎದುರು ಮನೆಯ ಹೂವಿನಾಕೆ ಒಂದೊಂದು ಮೂಲೆ ಹಿಡಿದೆವು. ಆಕೆ ಸೆರಗು ಕಚ್ಚಿಕೊಂಡರು. ಹೊಸ್ತಿಲಲ್ಲಿ ಸಾಬರ ಕಾಲು ಜಾರಿತು, ಜಮಖಾನ ವಾಲಿತು, ಆಕೆ ಒಮ್ಮೆ ಕೂಗಿದರು. ಹೇಗೋ ಆ ಗೋಡೆಗೆ ತಾಗದ ನಮ್ಮ ಮುಂದಿನ ಕೋಣೆಗೆ ತಂದು ಮಲಗಿಸಿದೆವು.

"ಮಾತ್ರೆ ಅಲ್ಲೇ ಬಿಟ್ ಬಂದೆ" ಎಂದು ಸಾಬರು ತಿರುಗಿ ಹೊರಟರು. ನನ್ನ ಗಂಡ ತೋಳು ಹಿಡಿದರು. "ಬ್ಯಾಡಿ ಸಾಬ್ರೇ, ಮಾತ್ರೆ ಬೇರೆ ತರಣ." "ಬುಡಿ, ಎರಡು ನಿಮಿಷ." ಇವರು ಬಿಡಲಿಲ್ಲ. ಇಬ್ಬರೂ ಜಗಲಿಯ ಮೇಲೆ ಹೀಗೆ ಎಳೆದಾಡುತ್ತಿದ್ದಾಗಲೇ ಗೋಡೆ ಬಿತ್ತು. ನಾನು ಹೆದರಿದ್ದಷ್ಟು ಸದ್ದಾಗಲಿಲ್ಲ. ಲಾರಿಯಿಂದ ಮೂಟೆಗಳನ್ನು ಕೆಡವಿದಂತೆ, ಅಷ್ಟೆ. ಆಮೇಲೆ ಹೆಂಚುಗಳು ಒಂದೊಂದಾಗಿ ಜಾರಿದವು.

ಗೋಡೆ ಎರಡೂ ಕಡೆಗೆ ಒರಗಿತ್ತು. ಅವರ ಕಡೆ ಮಂಚದ ಮುಕ್ಕಾಲು ಭಾಗ ಮಣ್ಣಿನಡಿ ಇತ್ತು, ದಿಂಬು ಕಾಣಲೇ ಇಲ್ಲ. ಸಾಬರು ಅದನ್ನು ನೋಡಿ, ನಮ್ಮ ಜಗಲಿಗೆ ಬಂದು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕುಳಿತರು. ನೀರು ಕೊಟ್ಟೆ. ಕುಡಿಯಲಿಲ್ಲ.

ಆಕೆ ಒಂದೂವರೆ ತಿಂಗಳು ನಮ್ಮಲ್ಲಿದ್ದರು. ನೋವಾಗದಂತೆ ಮಗ್ಗುಲು ಹೊರಳಿಸುವುದನ್ನು ಆಕೆಯಿಂದಲೇ ಕಲಿತೆ. ಮೊದಲಿದ್ದಷ್ಟೇ ಎತ್ತರಕ್ಕೆ ಕಟ್ಟಿಕೊಳ್ಳಲು ಅನುಮತಿ ಬಂತು. ಅಡಿಪಾಯಕ್ಕೆ ಅಗೆದಾಗ ಆ ಹಿಂದಿನ ರಿಪೇರಿಗೂ ಮುಂಚಿನ ಗೋಡೆಯ ಕಲ್ಲಿನ ಸಾಲು ಸಿಕ್ಕಿತು. ಅದಿದ್ದದ್ದು ಬಿದ್ದ ಗೋಡೆಯಿಂದ ನಮ್ಮ ಅಡುಗೆಮನೆಯೊಳಕ್ಕೆ ಒಂದು ಗೇಣು. ಸಾಬರು ಹೇಳಿದ್ದು ನಿಜವಾಗಿತ್ತು. ಅವರೂ ಅದನ್ನು ನೋಡಿದರು, ಜಾಗ ಕೇಳಲಿಲ್ಲ.

"ಎಲ್ಗೆ ದಾರ ಕಟ್ಲಿ ಅಕ್ಕಾ?" ಗಾರೆಯವನು ಕೇಳಿದ.

"ಪತ್ರದಲ್ಲಿರೋ ಅಳತೆಗೆ ಕಟ್ಟು" ಎಂದರು ನನ್ನ ಗಂಡ.

"ಕಲ್ಲಿರೋ ಕಡೆ ಕಟ್ಟು" ಎಂದೆ ನಾನು. ಮನೆ ಇಬ್ಬರ ಹೆಸರಿನಲ್ಲಿತ್ತು. ಗಾರೆಯವನು ಒಬ್ಬೊಬ್ಬರ ಮುಖವನ್ನೂ ನೋಡಿದ. ನನ್ನ ಗಂಡ ಹೊರಗೆ ಹೋದರು. ದಾರ ಕಲ್ಲಿನ ಸಾಲಿಗೇ ಬಿತ್ತು. ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಈಗ ಅಡುಗೆಮನೆಯಲ್ಲಿ ಇಬ್ಬರು ಒಟ್ಟಿಗೆ ನಿಲ್ಲುವುದು ಕಷ್ಟ. ನೀರು ಕುಡಿಯಲು ಬಂದು ಮೊಳಕೈ ತಗುಲಿಸಿಕೊಂಡಾಗಲೆಲ್ಲ ನನ್ನ ಗಂಡ, "ಇನ್ನೂ ಒಂದ್ ಗೇಣು ಕೊಟ್ಬುಡು, ಇಬ್ರೂ ಬೀದೀಲೇ ನಿಂತ್ಕಳಣ" ಎನ್ನುತ್ತಾರೆ. ಮೊದಮೊದಲು ಆ ಮಾತಿನಲ್ಲಿ ಸಿಟ್ಟಿರುತ್ತಿತ್ತು.