ಔಷಧ ಬರೆಯದ ಡಾಕ್ಟರಮ್ಮನ ಬಳಿಗೆ

ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ, ಯಜಮಾನರ ಹಣೆಗೆ ವಿಭೂತಿ ಹಚ್ಚಿ, ಅಂಗಿಯ ಗುಂಡಿ ಹಾಕಿ, ಬಾಗಲವಾಡದಿಂದ ಆರೂವರೆಯ ಬಸ್ಸು ಹಿಡಿದೆವು. ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಚೀಲಗಳ ಅಟ್ಟಿ ಕುಸಿದು ಅವರ ಬಲಭುಜ ಮುರಿದು ಏಳು ತಿಂಗಳಾಗಿತ್ತು. ಅಂದು ಇವರು ಕುಡಿದಿದ್ದರೆಂದು ವಿಮೆ ಕಂಪನಿಗೆ ಸಂಶಯ, ಪರಿಹಾರ ತಡೆದಿದ್ದರು. ಯಾರ ಕಡೆಗೂ ಸೇರದ ಡಾಕ್ಟರೊಬ್ಬರು ರಾಯಚೂರಿನಲ್ಲಿ ಪರೀಕ್ಷಿಸುತ್ತಾರೆ, ಅವರು ಬರೆದದ್ದನ್ನು ನೋಡಿ ಮುಂದಿನದು ಎಂದು ಕಾಗದ ಬಂದಿತ್ತು.

ಕುಡಿಯುತ್ತಿದ್ದುದು ನಿಜ. ಬಿಟ್ಟು ವರ್ಷವಾದ ಮೇಲೆ ಭುಜ ಮುರಿಯಿತು. ನೋವಿಗೆಂದು ಮತ್ತೆ ಹಿಡಿದರು. "ಒಮ್ಮಿನೂ ಮುಟ್ಟಿಲ್ಲ ಅಂತೀನಿ. ನೀ ಬಾಯಿ ಬಿಡಬ್ಯಾಡ" ಎಂದು ದಾರಿಯಲ್ಲೇ ಹೇಳಿದ್ದರು.

ಮಾನ್ವಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ರಾಯಚೂರಿನ ಬಸ್ಸು ಹತ್ತಿದೆವು. ನನಗೆ ಉಚಿತ ಟಿಕೆಟ್, ಅವರದಕ್ಕೆ ಅರವತ್ತು ರೂಪಾಯಿಯ ಹತ್ತಿರ. ನೆರಳಿನ ಕಡೆಯ ಸೀಟು ಸಿಕ್ಕಿತು, ಶಿವನ ದಯೆ. ಕುರ್ಡಿ ಊರಿನ ಅಜ್ಜಿಯೊಬ್ಬರು ನಮ್ಮ ಪಕ್ಕ ಕೂತರು.

"ಏನಾಗ್ಯಾದಬೇ ನಿನ್ನ ಗಂಡಗ?"

"ಭುಜ ಮುರದದರೀ ಯವ್ವಾ. ಡಾಕ್ಟರಿಗೆ ತೋರಸಾಕ ಹೊಂಟೀವಿ."

"ಮುಟ್ಟಿದ ಕೂಡ್ಲೆ ಚೀರು ಅಂತ ಹೇಳು. ನನ್ನ ಅಳಿಯಗ ಮುಳ್ಳು ಚುಚ್ಚಿದ್ರ ಮೂರು ಊರಿಗೆ ಕೇಳತದ."

ಯಜಮಾನರು ನಕ್ಕರು. ಆ ನಗು ಕಂಡು ಬಹಳ ದಿನವಾಗಿತ್ತು.

ರಾಯಚೂರಿನಲ್ಲಿ ಪರೀಕ್ಷೆಯ ಕೋಣೆ ನೆಲ ಅಂತಸ್ತಿನಲ್ಲೇ ಇತ್ತು. "ಮಾತ್ರಿ ಬರದು ಕೊಡ್ರೀ ಅಮ್ಮಾರೆ" ಎಂದೆ. ಡಾಕ್ಟರಮ್ಮ ಇಲ್ಲವೆಂದು ತಲೆಯಾಡಿಸಿದರು. "ಇಲ್ಲಿ ಔಷಧ ಕೊಡಂಗಿಲ್ಲರೀ. ನೋಡಿದ್ದು, ಕೇಳಿದ್ದು ಬರೀತೀನಿ. ಅದು ಕಂಪನಿಗೆ ಹೋಗ್ತದ. ನೀವೂ ಒಂದು ಪ್ರತಿ ಕೇಳ್ರಿ."

ತೋಳು ಎಷ್ಟು ಮೇಲೇಳುತ್ತದೆಂದು ಅಳೆದು, ಎಡಗೈಯನ್ನೂ ಅಳೆದು, "ಅಂಗಿ ಹಾಕ್ಕೊಳ್ರಿ" ಎಂದರು. ನಾನು ಎದ್ದೆ.

"ನೀವು ಕೂಡ್ರಿ. ಅವರೇ ಹಾಕ್ಕೊಳ್ಲಿ."

ಒಂದು ತೋಳು ಏರಿಸುವಷ್ಟರಲ್ಲಿ ಅವರ ಕುತ್ತಿಗೆ ಬೆವತಿತು. ಗುಂಡಿಗಳು ಹಾಗೇ ಉಳಿದವು. ಏಳು ತಿಂಗಳು ಎಲ್ಲ ನಾನೇ ಮಾಡಿದ್ದರಿಂದ, ಅವರಿಂದ ಎಷ್ಟು ಆಗುವುದಿಲ್ಲವೆಂದು ನನಗೇ ತಿಳಿದಿರಲಿಲ್ಲ.

"ಕುಡೀತೀರೇನ್ರಿ?"

"ಒಮ್ಮಿನೂ ಮುಟ್ಟಿಲ್ರಿ."

ಡಾಕ್ಟರಮ್ಮ ಹಳೆಯ ದವಾಖಾನೆ ಕಾಗದಗಳನ್ನು ತಿರುವಿ, ನನ್ನ ಕಡೆ ನೋಡಿದರು. ಹಣೆಗೆ ವಿಭೂತಿ ಹಚ್ಚಿದ ಕೈ ನನ್ನದೇ. ಅವರ ಸುಳ್ಳಿಗೆ ಜೊತೆಯಾಗಲು ಮನಸ್ಸು ಒಪ್ಪಲಿಲ್ಲ.

"ಬಿಟ್ಟಿದ್ರರೀ. ಚೀಲ ಬಿದ್ದ ದಿನ ಕುಡದಿದ್ದಿಲ್ಲ. ಆಮ್ಯಾಲ ನೋವಿಗೆ ಅಂತ ಹಿಡದಾರ. ಈಗೂ ಕುಡೀತಾರ."

ಯಜಮಾನರು ನೆಲ ನೋಡಿದರು.

"ಚೀಲ ಬಿದ್ದ ದಿನದ ಚೀಟಿಯಾಗ ಕುಡದ ವಾಸನಿ ಇಲ್ಲ ಅಂತ ಅದ, ಮೂರು ತಿಂಗಳ ಹಿಂದಿನದರಾಗ ಅದ ಅಂತ ಅದ" ಎಂದರು ಡಾಕ್ಟರಮ್ಮ. "ನೀವು ಹೇಳಿದ್ದು ಅದಕ್ಕ ಕೂಡತದ. ಭುಜದ್ದು ಬ್ಯಾರೆ ಬರೀತೀನಿ, ಕುಡಿತದ್ದು ಬ್ಯಾರೆ. ಅದೂ ಒಂದು ರೋಗನ. ಕಂಪನಿಯವರು ಏನು ಮಾಡ್ತಾರ, ನನ್ನ ಕೈಯಾಗಿಲ್ಲ. ಕುಡಿತ ಬಿಡಸಾಕ ಸರ್ಕಾರಿ ದವಾಖಾನ್ಯಾಗ ಖೋಲಿ ಅದ, ಮಧ್ಯಾಹ್ನ ಮೂರರ ತನಕ ತೆರದಿರತದ."

ಆಟೋದಲ್ಲಿ ಯಜಮಾನರು ಒಂದೇ ಮಾತಾಡಿದರು: "ಮಾನ ಕಳದಿ."

ಬಸ್ ನಿಲ್ದಾಣದಲ್ಲಿ ಮಾನ್ವಿಯ ಬಸ್ಸು ನಿಂತಿತ್ತು. ಕಿಟಕಿಯಿಂದ ಟವೆಲ್ ಹಾಕಿ ಎರಡು ಸೀಟು ಹಿಡಿದೆ. ಅವರು ಹತ್ತಲಿಲ್ಲ.

"ಟವೆಲ್ ತಗಿ. ಮೂರರ ತನಕ ಅಂದ್ರಲ್ಲ?"

ಸರ್ಕಾರಿ ದವಾಖಾನೆಯ ಚೀಟಿ ಕಿಟಕಿಯಲ್ಲಿ ಕೂತಿದ್ದ ಹೆಂಗಸು ಅವರ ತೋಳು ನೋಡಿ, "ಮೂಳಿ ಡಾಕ್ಟರ್ ಆ ಕಡಿ" ಎಂದಳು.

"ಕೈ ಅಲ್ಲರೀ" ಎಂದರು ಯಜಮಾನರು, ಹಿಂದಿನ ಸಾಲಿಗೂ ಕೇಳುವಂತೆ. "ಕುಡೀತೀನಿ."

ಆ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಊರು ಮುಟ್ಟಿದಾಗ ದೇವರ ಮುಂದೆ ದೀಪ ಹಚ್ಚುವ ಹೊತ್ತು ಮೀರಿತ್ತು. ಆದರೂ ಹಚ್ಚಿದೆ.