ಇಪ್ಪತ್ತು ಬೀಜದ ಮಾದೇವಿ

ಆಗೆಲ್ಲ ಏಪ್ರಿಲ್ ಕೊನೆಗೆ ಏರ್ಕಾಡಿನ ನಮ್ಮ ಕಾನ್ವೆಂಟಿಗೆ ರಜ ಬಿಟ್ಟಿತೆಂದರೆ ನನ್ನ ತಗಡಿನ ಟ್ರಂಕು ಬಸ್ಸಿನ ಮೇಲೇರುತ್ತಿತ್ತು. ಘಾಟ್ ರೋಡು ಇಳಿಯುವಾಗ ಎರಡು ಸಲ ವಾಂತಿ. ಪಾಲಕೋಡ್ ಮುಟ್ಟುವಷ್ಟರಲ್ಲಿ ನನ್ನ ಇಂಗ್ಲಿಷ್ ಅರ್ಧ ಉದುರಿಹೋಗಿರುತ್ತಿತ್ತು, ಅಲ್ಲಿಂದ ಸೋದರಮಾವನ ಊರಿಗೆ ನಡೆಯುವ ದಾರಿಯಲ್ಲಿ ಉಳಿದರ್ಧ.

ಅಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಅಮ್ಮನ ತವರು ಮಾತ್ರ ಕುರಿ ಸಾಕುವವರ ಮನೆ, ತಮಿಳುನಾಡಿನಲ್ಲಿದ್ದರೂ ಒಳಗೆಲ್ಲ ಕನ್ನಡ. ಬಾಗಿಲಲ್ಲೇ ಉಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹಿಂದೆಯೇ ಹುಣಸೆಬೀಜದ ಗಂಜಿಯ ಘಮ. ಕಂಬಳಿಯ ನೂಲಿಗೆ ಬಿಗಿ ಬರಲೆಂದು ಅಜ್ಜಿ ಬೀಜ ಅರೆದು, ಬೇಯಿಸಿ, ಗಂಜಿ ಮಾಡಿ ಹಚ್ಚುತ್ತಿದ್ದಳು. ಮೂಲೆಯಲ್ಲಿ ಯಾವಾಗಲೂ ಒಂದು ಮೂಟೆ ಬೀಜ. ಆ ಮೂಟೆಗೆ ನಾವು ಮೂವರು ಕೈ ಹಾಕಿದ ಬೇಸಿಗೆಯ ಕಥೆ ಇದು. ಎಪ್ಪತ್ತರ ದಶಕದ ಮೊದಲ ವರ್ಷಗಳು. ನನಗೆ ಹನ್ನೊಂದು, ಮಾವನ ಮಗಳು ಮಾದೇವಿಗೆ ಹನ್ನೆರಡು, ಅವಳ ತಮ್ಮ ಸಿದ್ದನಿಗೆ ಒಂಬತ್ತು.

ಆಟ ತಂದವಳು ನಾನೇ. ಬೆಟ್ಟದ ಚಿಲುಮೆಯನ್ನು ಒಬ್ಬ ರಾಕ್ಷಸ ಕಾಯುತ್ತಾನೆ, ವೀರರು ಹೋಗಿ ನೀರು ಬಿಡಿಸಿಕೊಂಡು ಬರಬೇಕು. ಕಥೆ ಹೇಳುವವಳು ನಾನು, ರಾಕ್ಷಸನೂ ನಾನೇ. ಕಾನ್ವೆಂಟಿನ ನಾಟಕದಲ್ಲಿ ಸಿಸ್ಟರ್ ಪಾರ್ಟು ಹಂಚಿದ ಹಾಗೆ ನಾನೂ ಚೀಟಿ ಬರೆದೆ: ರಾಜ, ಸಿಪಾಯಿ, ಮಂತ್ರವಾದಿ, ಆಳು. ನಾಲ್ಕು ದಿನವೂ ಮಾದೇವಿಗೆ ಬಂದದ್ದು ಆಳಿನ ಚೀಟಿ. ಐದನೇ ದಿನ ಅವಳು ಚೀಟಿ ಹರಿದು ಹಾಕಿದಳು.

"ಚೀಟಿ ಯಾಕೆ ಬೇಕೇ ಕಾನ್ವೆಂಟಮ್ಮ? ಅಪ್ಪನೂ ಚಿಕ್ಕಪ್ಪನೂ ಮಂದೆ ಪಾಲು ಮಾಡ್ಕಂಡ್ರಲ್ಲ, ಅಂಗೆ ಮಾಡು. ಆಲು ಕೊಡೋ ಕುರಿ ಎರಡಕ್ಕೆ ಸಮ, ಮುದಿ ಕುರಿ ಅರ್ಧಕ್ಕೆ ಸಮ. ಇಬ್ಬರ್ಗೂ ಒಂದೇ ಲೆಕ್ಕ. ಅದ್ರೊಳಗೆ ಯಾರ್ಗೆ ಯಾವುದು ಬೇಕೋ ಅವ್ರವ್ರು ಆರಿಸ್ಕಂಡ್ರು."

ಹಾಗೆ ಹುಟ್ಟಿತು ನಮ್ಮ ಆಟ. ರಾಜನೂ ಇಲ್ಲ, ಆಳೂ ಇಲ್ಲ. ತಲೆಗೆ ಇಪ್ಪತ್ತು ಹುಣಸೆಬೀಜ. ಬೀಜ ಕೊಟ್ಟು ಗುಣ ಕೊಂಡುಕೊಳ್ಳಬೇಕು, ಕೊಂಡ ಗುಣಗಳೇ ನಿಮ್ಮ ವೀರ. ಆಮೇಲೆ ಕವಡೆ ಎಸೆದು ಗೆಲುವು ಸೋಲು. ಈಗಿನ ಹುಡುಗರು ಬಗೆಬಗೆಯ ದಾಳ ಇಟ್ಟುಕೊಂಡು ಆಡುವ ಫ್ಯಾಂಟಸಿ ಆಟಗಳಲ್ಲಿ ಇದಕ್ಕೆ ಪಾಯಿಂಟ್-ಬೈ ಅಂತಾರಂತೆ. ರಾಜ, ಸಿಪಾಯಿ ಅಂತ ಮೊದಲೇ ಗೆರೆ ಎಳೆಯದಿದ್ದರೆ ಕ್ಲಾಸ್‌ಲೆಸ್ ಅಂತ. ಇರಲಿ, ಬಹಳ ಸಂತೋಷ. ನಮ್ಮ ಹುಣಸೆಮರದ ಕೆಳಗೆ ಅದು ಆಗಲೇ ನಡೆದಿತ್ತು, ಪ್ಲೀಸ್ ನೋಟ್.

ಬೆಲೆ ಕಟ್ಟಿದವಳು ನಾನು. ಶಕ್ತಿಗೆ ಮೂರು ಬೀಜ, ಓಟಕ್ಕೆ ಎರಡು, ಕಣ್ಣಿಗೆ ಎರಡು, ಮಾತಿಗೆ ಒಂದೇ. ನಮ್ಮ ಮನೆಯಲ್ಲಿ ಮಾತು ಪುಕ್ಕಟೆ ಸಿಗುತ್ತಿತ್ತಲ್ಲ, ಅದಕ್ಕೆ ಏನು ಬೆಲೆ ಅಂದುಕೊಂಡೆ. ಸಿದ್ದ ಹದಿನೆಂಟು ಬೀಜ ಶಕ್ತಿಗೆ ಸುರಿದು, ಉಳಿದೆರಡು ಓಟಕ್ಕೆ ಇಟ್ಟ. ಆಟದ ನಡುವೆ ಆ ಎರಡನ್ನು ಸುಟ್ಟು ತಿಂದುಬಿಟ್ಟ.

"ಲೇ, ನಿನ್ನ ಓಟ ಎಲ್ಲಿ ಹೋಯ್ತಲಾ?"

"ಒಟ್ಟೇಲಿ ಐತೆ!"

ಮಾದೇವಿ ಇಪ್ಪತ್ತನ್ನೂ ಮಾತಿಗೇ ಹಾಕಿದಳು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಯಾಕೆಂದರೆ ಹೊರಗಿನವರು ಬಂದರೆ ಬಾಗಿಲ ಹಿಂದೆ ನಿಲ್ಲುವ ಹುಡುಗಿ ಅವಳು.

"ಇರೋದ್ನ ಯಾಕೆ ಕೊಂಡ್ಕಬೇಕು? ಇಲ್ದೇ ಇರೋದ್ನ ಕೊಂಡ್ಕಂಡೆ," ಅಂದಳು.

ಸಿದ್ದನ ವೀರ ರಾಕ್ಷಸನ ಕೈಲಿ ಮೂರು ದಿನ ಸತ್ತ. ಮಾದೇವಿಯ ವೀರೆ ಚಿಲುಮೆಯ ಮುಂದೆ ಕೂತು ರಾಕ್ಷಸನನ್ನು ಮಾತಿಗೆ ಎಳೆಯುತ್ತಿದ್ದಳು. "ಅಯ್ಯಾ, ಒಬ್ಬನೇ ಎಷ್ಟು ನೀರು ಕುಡೀತೀಯಾ? ನಿನ್ನ ಬೆನ್ನು ಉಜ್ಜಾಕೆ ಯಾರವ್ರೆ?" ರಾಕ್ಷಸನಾದ ನಾನು ಕವಡೆಯಲ್ಲೂ ಸೋತು ಚಿಲುಮೆ ಬಿಟ್ಟುಕೊಡುತ್ತಿದ್ದೆ. ಹಾಗೆ ಸೋಲುತ್ತಿದ್ದ ಒಂದು ಮಧ್ಯಾಹ್ನ ತಲೆ ಎತ್ತಿ ನೋಡಿದರೆ ಎದುರಿಗೆ ಮೇಯುತ್ತಿದ್ದ ಮಂದೆಯಲ್ಲಿ ಒಂಬತ್ತು ಕುರಿ ಇಲ್ಲ.

ಮಾವ ಸಂತೆಗೆ ಹೋಗಿದ್ದರು. ಮಂದೆ ನಮ್ಮ ಸುಪರ್ದು. ತಪ್ಪಿಸಿಕೊಂಡ ಒಂಬತ್ತೂ ಈದ ಕುರಿಗಳು. ಮರಿಗಳು ಮನೆಯ ಗೂಡಿನಲ್ಲಿ, ಸಂಜೆ ತಾಯಿ ಬಾರದಿದ್ದರೆ ಹಾಲಿಲ್ಲ. ಹೆಜ್ಜೆ ಹಿಡಿದು ಓಡಿದೆವು. ಅವು ಪಕ್ಕದೂರಿನ ಕಡಲೆಕಾಯಿ ಹೊಲಕ್ಕೆ ನುಗ್ಗಿ ಒಂದು ಪಟ್ಟಿ ಬಳ್ಳಿ ಬೋಳಿಸಿದ್ದವು. ಹೊಲದ ಯಜಮಾನರು ಪಂಪ್‌ಶೆಡ್ಡಿನ ಮುಂದೆ ಸಾಲಾಗಿ ಕಟ್ಟಿಹಾಕಿದ್ದರು.

ಕಾನ್ವೆಂಟಿನ ಹುಡುಗಿ ನಾನು, ಮುಂದೆ ಹೋದೆ. "ಎಕ್ಸ್‌ಕ್ಯೂಸ್ ಮಿ, ಸಾರ್..." ಅಷ್ಟೇ. ಅವರು ಗೊಳ್ಳೆಂದು ನಕ್ಕರು. "ಪೆರಿಯವಂಗ ವರಟ್ಟುಂ," ಅಂದರು. ದೊಡ್ಡವರು ಬರಲಿ, ಆಮೇಲೆ ನೋಡೋಣ ಅಂತ. ಮಾವ ಬರುವಷ್ಟರಲ್ಲಿ ಕತ್ತಲಾಗುತ್ತದೆ. ಸಿದ್ದ ಕಲ್ಲು ಎತ್ತಿಕೊಂಡ.

ಮಾದೇವಿ ಅವನ ಮಣಿಕಟ್ಟು ಹಿಡಿದು ಕಲ್ಲು ಬೀಳಿಸಿದಳು. ಸೆರಗಿನ ಹಾಗೆ ಲಂಗದ ತುದಿ ಸಿಕ್ಕಿಸಿಕೊಂಡು ಯಜಮಾನರ ಮುಂದೆ ನಿಂತಳು. ಮಾತೆಲ್ಲ ತಮಿಳಿನಲ್ಲೇ ಆಯಿತು. ನನಗೆ ನೆನಪಿರುವುದು ನಮ್ಮ ಮಾತಿನಲ್ಲಿ.

"ಅಯ್ಯಾ, ತಪ್ಪು ನಮ್ದೇ. ಆಟದಾಗೆ ಮೈಮರೆತ್ವಿ. ತಿಂದ ಬಳ್ಳಿ ವಾಪಸ್ ಅಂಟಿಸಾಕೆ ಆಗಾಕಿಲ್ಲ. ಪಕ್ಕದ ರಾಗಿ ಹೊಲ ಬರಿದಾಗಿ ಬಿದ್ದೈತಲ್ಲ, ಮಳೆಗೆ ಮುಂಚೆ ಅದ್ರಾಗೆ ನಮ್ಮ ಮಂದೆ ನಿಲ್ಲಿಸ್ತೀವಿ. ಮೂರು ರಾತ್ರಿ. ಗೊಬ್ಬರ ನಿಮ್ಗೆ. ರಾಗಿ ಕೇಳಾಕಿಲ್ಲ."

ಹೊಲದಲ್ಲಿ ಮಂದೆ ತಂಗಿದರೆ ರೈತರು ರಾಗಿ ಅಳೆದು ಕೊಡುವುದು ನಮ್ಮ ಕಡೆಯ ಪದ್ಧತಿ. ಯಜಮಾನರ ನಗು ನಿಂತಿತು.

"ಆರು ರಾತ್ರಿ."

"ನಾಲ್ಕು. ಐದನೇದಕ್ಕೆ ನೀವು ರಾಗಿ ಅಳೀಬೇಕಾಗ್ತದೆ."

"ನಿಮ್ಮಪ್ಪ ಒಪ್ಪದಿದ್ದರೆ?"

"ನಾಳೆ ಇದೇ ಒಂಬತ್ತನ್ನ ನಾನೇ ತಂದು ಇಲ್ಲೇ ಕಟ್ತೀನಿ. ಈವತ್ತು ಬಿಡಿ ಅಯ್ಯಾ. ಮರಿಗಳು ತಪ್ಪು ಮಾಡಿಲ್ಲ."

ಯಜಮಾನರು ಬಗ್ಗಿ ತಾವೇ ಹಗ್ಗ ಬಿಚ್ಚಿದರು.

ಊರ ಬದು ದಾಟುತ್ತಲೇ ಮಾದೇವಿ ಕುಸಿದು ಕೂತಳು. "ನಡೀಯಾಕೆ ಕಾಲೇ ಬರ್ತಿಲ್ಲ ಕಣೇ."

"ಕಾಲಿಗೆ ಒಂದು ಬೀಜನೂ ಆಕಿರ್ಲಿಲ್ವಲ್ಲ!" ಅಂದ ಸಿದ್ದ. ಮೂವರೂ ಬದುವಿನ ಮೇಲೆ ಉರುಳಾಡಿ ನಕ್ಕೆವು. ಕುರಿಗಳು ನಮ್ಮನ್ನು ಬಿಟ್ಟು, ಕೆಚ್ಚಲು ತೂಗಾಡಿಸುತ್ತ, ಮರಿಗಳ ಕೂಗಿಗೆ ಓಡಿದವು.

ಮಾವ ಬಂದರು, ಕೇಳಿದರು, ಕೋಲು ಎತ್ತಿದರು. ಎತ್ತಿದ ಕೋಲು ಅಲ್ಲೇ ನಿಂತಿತು. "ನಾಲ್ಕಕ್ಕೆ ಒಪ್ಪಿದ್ನಾ ಅವ್ನು? ಓದ್ ವರ್ಷ ನನ್ನ ಅತ್ರ ಎಂಟು ರಾತ್ರಿ ಮಂದೆ ನಿಲ್ಲಿಸ್ಕಂಡ!" ಮುಂದಿನ ವಾರ ಬೇರೆ ಊರಿಗೆ ಮಂದೆ ನಿಲ್ಲಿಸುವ ಮಾತಾಡಲು ಹೋಗುವಾಗ, "ಬಾರಮ್ಮ ಮಾದೇವಿ," ಎಂದು ಮಗಳನ್ನು ಜೊತೆಗೆ ಕರೆದುಕೊಂಡು ಹೋದರು. ನನ್ನ ಎದೆ ಅವತ್ತು ಉಬ್ಬಿದಷ್ಟು ಆಮೇಲೆ ನನ್ನ ಯಾವ ಮೆಡಲ್ಲಿಗೂ ಉಬ್ಬಲಿಲ್ಲ. ನಾನು ಮಾತಿನ ಬೆಲೆಯನ್ನು ಐದು ಬೀಜಕ್ಕೆ ಏರಿಸಿದೆ. ಅವಳು ನಕ್ಕಳು: "ಈಗೇರ್ಸಿ ಏನ್ ಬಂತು? ನಾನು ಕೊಂಡಾಯ್ತು."

ಈಗ ಆ ಹೊಲಗಳಿಗೆ ಗೊಬ್ಬರ ಚೀಲದಲ್ಲಿ ಬರುತ್ತದೆ, ಮಂದೆಯನ್ನು ಯಾರೂ ಕರೆಯುವುದಿಲ್ಲ. ನಮ್ಮ ಕುಲದಲ್ಲಿ ಮಂದೆಯೂ ಇಲ್ಲ. ಸಿದ್ದನಿಗೆ ಫೋನಿನಲ್ಲಿ ನೆನಪಿಸಿದರೆ, "ಎಂದ ಆಟ್ಟಂ?" ಎಂದು ತಮಿಳಿನಲ್ಲಿ ಕೇಳುತ್ತಾನೆ. ಯಾವ ಆಟ ಅಂತ. ಮಾದೇವಿ ಮಾತ್ರ ಕೊನೆಯವರೆಗೂ ಸುತ್ತಲ ಊರುಗಳ ಪಾಲು, ಮದುವೆ, ಜಗಳಗಳಿಗೆಲ್ಲ ಜನ ಕರೆದುಕೊಂಡು ಹೋಗುವ ಹೆಂಗಸಾಗಿದ್ದಳು. ತಾಲ್ಲೂಕು ಆಫೀಸಿನವರೂ ಎದ್ದು ಕುರ್ಚಿ ಕೊಡುತ್ತಿದ್ದರು. ಭಾನುವಾರ ನನಗೆ ಫೋನ್ ಮಾಡಿ ಬೈಯುತ್ತಿದ್ದಳು, ನಾನೂ ಬೈಯುತ್ತಿದ್ದೆ, ಇಬ್ಬರೂ ನಮ್ಮ ಹಟ್ಟಿಯ ಕನ್ನಡದಲ್ಲಿ. ಅವಳು ಹೋಗಿ ಆರು ವರ್ಷವಾಯಿತು. ನನಗೆ ಇಂಗ್ಲಿಷ್ ಬರುತ್ತದೆ, ತಮಿಳು ಬರುತ್ತದೆ, ಪುಸ್ತಕದ ಕನ್ನಡವೂ ಬರುತ್ತದೆ. ನಮ್ಮ ಹಟ್ಟಿಯ ಆ ಕನ್ನಡದಲ್ಲಿ ನನ್ನ ಜೊತೆ ಜಗಳವಾಡಿ ಗೆಲ್ಲುವವರು ಮಾತ್ರ ಯಾರೂ ಉಳಿದಿಲ್ಲ.