ಧ್ವನಿಮತದಲ್ಲಿ ಮಿಸ್ ಓಪಲ್ ಕೇಳಿಸಿಕೊಂಡದ್ದು

ನನ್ನ ಮಗಳು ಜೂನಿ ಹೋಗುವ ಶಾಲಾ ಬಸ್ಸು ಓಡಿಸುವವರು ಓಪಲ್ ಕ್ರ್ಯಾಬ್‌ಟ್ರೀ. ಅಮೆರಿಕದ ಅಪಲೇಶಿಯನ್ ಬೆಟ್ಟದ ಈ ಊರಿನಲ್ಲಿ ಮಕ್ಕಳಿಗೂ ಮಕ್ಕಳ ಅಪ್ಪ-ಅಮ್ಮಂದಿರಿಗೂ ಅವರು ಮಿಸ್ ಓಪಲ್. ಮೂವತ್ತೊಂದು ವರ್ಷದಿಂದ ಎಲ್ಲರನ್ನೂ ಶಾಲೆ ಮುಟ್ಟಿಸಿದವರು ಅವರೇ. ತಿರುವಿನ ರಸ್ತೆಯಿಂದ ಕಣ್ಣು ತೆಗೆಯುವಂತಿಲ್ಲ, ಹಾಗಾಗಿ ಹಿಂದೆ ಏನು ನಡೆದರೂ ಕಿವಿಯಲ್ಲೇ ನೋಡುತ್ತಾರೆ. ಕೊನೆಯ ಸೀಟಿನಲ್ಲಿ ಯಾರು ಗೊಣಗಿದರೂ ಹೆಸರು ಹಿಡಿದು ಗದರುತ್ತಾರೆ.

ಎರಡು ವರ್ಷದ ಕೆಳಗೆ ಅವರ ಕಿವಿಗೆ ಬೇರೆಯೇ ಸದ್ದೊಂದು ಬಿತ್ತು. ಸೀಟಿನ ಕಂಬಿಗೆ ಭಾರದ ಲೋಹ ತಗುಲಿದ ಸದ್ದು. ಬಸ್ಸು ನಿಲ್ಲಿಸಿ ಹಿಂದೆ ಹೋದರೆ, ಪುಟ್ಟ ಹುಡುಗಿಯೊಬ್ಬಳ ಚೀಲದಲ್ಲಿ ಗುಂಡು ತುಂಬಿದ ಪಿಸ್ತೂಲು. ಅಪ್ಪನ ಪಿಕಪ್ ಗಾಡಿಯಲ್ಲಿ ಸಿಕ್ಕಿತಂತೆ, ಗೆಳತಿಗೆ ತೋರಿಸಲು ತಂದಿದ್ದಳಂತೆ. ಆ ಗೆಳತಿ ನನ್ನ ಜೂನಿ. ಅಂದಿನಿಂದ ನಾನು ಬೆಳಿಗ್ಗೆ ಬಸ್ಸಿನ ಬಾಗಿಲಲ್ಲಿ ನಿಂತು ಎಲ್ಲ ಮಕ್ಕಳ ಚೀಲಗಳನ್ನೂ ದಿಟ್ಟಿಸುತ್ತೇನೆ. ಜೂನಿಗೆ ನಾಚಿಕೆ. ಇರಲಿ.

ಮಿಸ್ ಓಪಲ್‌ಗೆ ಬಂದೂಕಿನ ಮೇಲೆ ದ್ವೇಷವೇನಿಲ್ಲ. ಪ್ರತಿ ನವೆಂಬರಿನಲ್ಲಿ ತೀರಿಹೋದ ಗಂಡನ ಬಂದೂಕಿನಿಂದ ಒಂದು ಜಿಂಕೆ ಹೊಡೆದು ಕೇರಿಗೆಲ್ಲ ಮಾಂಸ ಹಂಚುತ್ತಾರೆ. ಅವರು ಕೇಳಿದ್ದು ಇಷ್ಟೇ: ಗಾಡಿಯಲ್ಲಿ ಬಿಡುವ ಬಂದೂಕನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕೆಂಬ ಕಾನೂನು. ಹತ್ತು ಮನೆಯಲ್ಲಿ ಎಂಟು ಮನೆಯವರು ಸಹಿ ಹಾಕಿದರು. ಪಾದ್ರಿ ಹಾಕಿದರು, ಬಂದೂಕಿನ ಅಂಗಡಿಯವನೂ ಹಾಕಿದ. ನನ್ನ ಗಂಡ ಕೋಲ್ ತನ್ನ ಪಿಕಪ್ಪಿನ ಬಾನೆಟ್ ಮೇಲೆ ಹಾಳೆ ಇಟ್ಟುಕೊಂಡೇ ಸಹಿ ಹಾಕಿದ. ಆ ಪಿಕಪ್ಪಿನೊಳಗೆ ಅವನ ಪಿಸ್ತೂಲು ಬೀಗವಿಲ್ಲದೆ ಬಿದ್ದಿತ್ತು. ಅದರ ಮೇಲಿನ ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ.

ಇಷ್ಟಾದರೂ ಮಸೂದೆ ಹೋದ ವರ್ಷ ರಾಜ್ಯದ ಶಾಸನಸಭೆಯ ಉಪಸಮಿತಿಯಲ್ಲೇ ಸತ್ತಿತು. ಈ ಸಲ ನಮ್ಮ ಶಾಸಕ ವೆಸ್ಲಿ ಟಿಬ್ಸ್ ಅದೇ ಉಪಸಮಿತಿಯಲ್ಲಿದ್ದ. ಹನ್ನೆರಡು ವರ್ಷ ಮಿಸ್ ಓಪಲ್ ಬಸ್ಸಿನಲ್ಲಿ ಓಡಾಡಿದವನು. ಸಹಿಗಳಲ್ಲಿ ಮೊದಲನೆಯದೇ ಅವನ ಅಮ್ಮ ನೆಲ್ಡಾಳದು. ವೆಸ್ಲಿ ಮಿಸ್ ಓಪಲ್‌ರ ಅಡುಗೆಮನೆಯಲ್ಲಿ ಕೂತು, ಗ್ರೇವಿ ಸುರಿದ ಮೂರು ಮೆತ್ತನೆಯ ಬಿಸ್ಕಿಟ್ ರೊಟ್ಟಿ ತಿಂದು, ಮಸೂದೆಯ ಪರ ತಾನಿದ್ದೇನೆಂದು ಮಾತು ಕೊಟ್ಟು ಹೋಗಿದ್ದ.

ಫೆಬ್ರವರಿಯಲ್ಲಿ ನಾನೂ ಮಿಸ್ ಓಪಲ್ಲೂ ರಾಜ್ಯದ ರಾಜಧಾನಿಗೆ ಹೋದೆವು. ಉಪಸಮಿತಿಯ ಮುಂದೆ ಮಾತಾಡಲು ಅವರಿಗೆ ಕೊಟ್ಟದ್ದು ಎರಡು ನಿಮಿಷ. ಪಿಸ್ತೂಲಿನ ಕತೆಯನ್ನು ಅಷ್ಟರೊಳಗೇ ಹೇಳಿ ಮುಗಿಸಿದರು. ಅಧ್ಯಕ್ಷರು ಧ್ವನಿಮತಕ್ಕೆ ಹಾಕಿದರು. ಕೈ ಎತ್ತುವುದಿಲ್ಲ, ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲ. ಉಪಸಮಿತಿಯ ಏಳೂ ಜನ ಕಾಗದದೊಳಗೆ ಮುಖ ಹುದುಗಿಸಿದ್ದರು; ಕೆಲವರು ಹೌದೆಂದರು, ಕೆಲವರು ಇಲ್ಲವೆಂದರು. ಅಧ್ಯಕ್ಷರ ಕಿವಿಗೆ 'ಇಲ್ಲ' ಎಂಬುದೇ ಜೋರಾಗಿ ಕೇಳಿಸಿತು, ಮಸೂದೆ ಮತ್ತೆ ಬಿತ್ತು. ಬಸ್ಸು ಒಂದು ಸ್ಟಾಪಿನಲ್ಲಿ ನಿಂತು ಹೊರಡುವಷ್ಟು ಹೊತ್ತೂ ಹಿಡಿಯಲಿಲ್ಲ. ನಾನು ಕತ್ತು ಉದ್ದ ಮಾಡಿ ತುಟಿಗಳನ್ನು ನೋಡಲು ಒದ್ದಾಡುತ್ತಿದ್ದೆ. ಮಿಸ್ ಓಪಲ್ ಅಭ್ಯಾಸಬಲದಿಂದ ಅತ್ತ ನೋಡಲೇ ಇಲ್ಲ.

ಹೊರಗೆ ಕಾರಿಡಾರಿನಲ್ಲಿ ವೆಸ್ಲಿ ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡ.

"ನಾನು ಹೌದು ಅಂದೆ ಮಿಸ್ ಓಪಲ್. ಉಳಿದೋರು ಬಿಡ್ಲಿಲ್ಲ, ಏನ್ ಮಾಡ್ಲಿ."

"ಗಂಟಲು ಸರಿ ಮಾಡ್ಕೊಂಡು ಇಲ್ಲ ಅಂದೆ ಕಣೋ," ಎಂದರು ಮಿಸ್ ಓಪಲ್. "ಆರನೇ ಕ್ಲಾಸಲ್ಲಿ ನನ್ ಸೀಟು ಕೊಯ್ದು ಸುಳ್ಳು ಹೇಳ್ದಾಗ್ಲೂ ಹಿಂಗೇ ಗಂಟಲು ಸರಿ ಮಾಡ್ಕೊಂಡಿದ್ದೆ."

ವೆಸ್ಲಿ ಕಿವಿಯವರೆಗೂ ಕೆಂಪಾದ. ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಊರೆಲ್ಲ ನಿಮ್ ಕಡೆ ಇದೆ, ನಂಗೊತ್ತು. ಆದ್ರೆ ಮೇ ತಿಂಗಳಲ್ಲಿ ಪಕ್ಷದ ಅಭ್ಯರ್ಥಿ ಆರಿಸೋ ಚುನಾವಣೆಗೆ ಊರೆಲ್ಲ ಬರಲ್ವಲ್ಲ. ಬರೋ ನಾಕು ಜನದ ಮನೆಗೆ, ವೆಸ್ಲಿ ಬಂದೂಕು ಕಿತ್ಕೊಳ್ಳೋಕೆ ಹೊರಟಿದಾನೆ ಅಂತ ಒಂದು ಕಾಗದ ಹೋದ್ರೆ ಮುಗೀತು ನನ್ ಕತೆ."

"ನಿಮ್ಮಮ್ಮಾನೇ ಸಹಿ ಹಾಕಿದಾಳೆ."

"ಅಮ್ಮ ಆ ಚುನಾವಣೆಗೆಲ್ಲ ಹೋಗಲ್ಲ. ಸೊಂಟ ನೋವು."

ಮಿಸ್ ಓಪಲ್ ಕೈ ಬಿಡಿಸಿಕೊಂಡು ಕಾರಿನತ್ತ ನಡೆದರು. ಊರಿನ ದಾರಿಯುದ್ದಕ್ಕೂ ನಾನೇ ವಟಗುಟ್ಟಿದೆ: ಸಹಿ ಹಾಕಿದವರಿಗೆ ವೋಟು ಹಾಕಲು ಬೇಜಾರು, ವೋಟು ಬೇಕಾದವನಿಗೆ ಸಹಿ ಕಂಡರೆ ಭಯ, ಮಧ್ಯದಲ್ಲಿ ನನ್ನ ಮಗು. ಸ್ಟೀರಿಂಗ್ ಹಿಡಿದ ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಮರುದಿನ ಮಿಸ್ ಓಪಲ್ ಸಹಿಯ ಹಾಳೆಗಳನ್ನು ಹರಡಿಕೊಂಡು ಕೂತಿದ್ದರು. ಒಂದೊಂದು ಹೆಸರಿನ ಮುಂದೆಯೂ ಒಂದು ತಿರುವು, ಒಂದು ಹೊತ್ತು ಬರೆಯುತ್ತಿದ್ದರು, ಬಸ್ಸಿನ ಪಟ್ಟಿಯಂತೆಯೇ. ಮೇ ತಿಂಗಳ ಮತದಾನದ ದಿನ ಇವರನ್ನೆಲ್ಲ ಕರೆದೊಯ್ಯಲು ಚರ್ಚಿನ ವ್ಯಾನು ಕೇಳಿಕೊಂಡಿದ್ದಾರಂತೆ. ಯಾರಿಗೆ ವೋಟು ಹಾಕುವುದೆಂದು ಕೇಳಿದೆ. ಅದು ಅವರವರಿಗೆ ಬಿಟ್ಟದ್ದು, ಸಾಲಿನಲ್ಲಿ ನಿಂತವರ ಮುಖ ವೆಸ್ಲಿಗೆ ಕಂಡರೆ ಸಾಕು ಎಂದರು. ಮೊದಲ ಸ್ಟಾಪು, ಬೆಳಿಗ್ಗೆ ಏಳು ಗಂಟೆ, ನೆಲ್ಡಾ ಟಿಬ್ಸ್. ಸೊಂಟಕ್ಕಿಡಲು ಒಂದು ದಿಂಬು.

ಏಳೂ ಹತ್ತಕ್ಕೆ ನಮ್ಮ ಮನೆ. ಕೋಲ್ ವೋಟಿಗೆ ಬರಲು ಹೂಂ ಅಂದಿದ್ದಾನೆ. ಕಬ್ಬಿಣದ ಪೆಟ್ಟಿಗೆಯನ್ನೂ ತಂದಿದ್ದಾನೆ. ಮೂರು ವಾರವಾಯಿತು, ಅದು ಸುತ್ತಿದ ರಟ್ಟಿನೊಳಗೇ ಶೆಡ್ಡಿನಲ್ಲಿದೆ.